ರಾಯಣ್ಣನ ‘ಅಸಲಿ’ ಮೈಬಣ್ಣ ಯಾವುದು? ಮೊಬೈಲ್ ಚಿತ್ರಗಳ ಹಿಂದಿನ ಬಣ್ಣದ ಲೆಕ್ಕ

ಆಗಸ್ಟ್ 15 ಮತ್ತು ಜನವರಿ 26 ಹತ್ತಿರ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಸಂಗೊಳ್ಳಿ ರಾಯಣ್ಣನ ಚಿತ್ರಗಳು ಓಡಾಡುತ್ತವೆ. ಮೊದಲನೆಯದು ಅವನ ಜಯಂತಿ, ಎರಡನೆಯದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ ದಿನ. ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವದ ಹೊತ್ತಿಗೆ ಚೆನ್ನಮ್ಮನ ಸರದಿ. ಈಗಿನ ಚಿತ್ರಗಳಲ್ಲಿ ಬಹಳಷ್ಟು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ತಯಾರಾದವು. ಒಂದರಲ್ಲಿ ರಾಯಣ್ಣ ಗೋಧಿ ಬಣ್ಣ, ಇನ್ನೊಂದರಲ್ಲಿ ಹಾಲಿನಂತೆ ಬಿಳಿ. ಕೆಲವುದರ ಕೆಳಗೆ ‘ಇದೇ ಅಸಲಿ ಫೋಟೋ, ಎಲ್ಲರಿಗೂ ಕಳಿಸಿ’ ಎಂಬ ಒಕ್ಕಣೆ ಬೇರೆ.

ಅಸಲಿ ಫೋಟೋ ಮಾತನ್ನು ಬೇಗ ಮುಗಿಸೋಣ. ಫೋಟೋ ತೆಗೆಯುವ ವಿಧಾನ ಪ್ಯಾರಿಸ್‌ನಲ್ಲಿ ಪ್ರಕಟವಾದದ್ದು 1839ರಲ್ಲಿ. ಚೆನ್ನಮ್ಮ ತೀರಿಕೊಂಡದ್ದು 1829ರಲ್ಲಿ, ರಾಯಣ್ಣನಿಗೆ ಗಲ್ಲಾದದ್ದು 1831ರಲ್ಲಿ. ಇಬ್ಬರ ಫೋಟೋವೂ ಇರಲು ಸಾಧ್ಯವಿಲ್ಲ. ನಾವು ನೋಡುವ ಮೈಬಣ್ಣವೆಲ್ಲ ಯಾರೋ ಚಿತ್ರಗಾರರು ಆರಿಸಿದ್ದು. ಹಾಗಾದರೆ ಅವರು ಅದನ್ನು ಹೇಗೆ ಆರಿಸುತ್ತಾರೆ?

ಹಲವರು ಮೊದಲು ಹುಡುಕುವುದು ‘ಸ್ಕಿನ್ ಕಲರ್’ ಅನ್ನು. ನಮ್ಮ ಶಾಲೆಯ ಕ್ರೇಯಾನ್ ಡಬ್ಬಿಯಲ್ಲಿ ಆ ಹೆಸರಿನ ತಿಳಿಗುಲಾಬಿ ಕಡ್ಡಿ ಇರುತ್ತಿತ್ತಲ್ಲ, ಅದೇ. ನಮ್ಮ ತರಗತಿಯಲ್ಲಿ ಆ ಬಣ್ಣದ ಮಗು ಒಂದೂ ಇರಲಿಲ್ಲ ಎಂಬುದು ಬೇರೆ ಮಾತು. ಅಮೆರಿಕದ ಕ್ರೇಯೋಲಾ ಕಂಪನಿ ‘ಫ್ಲೆಶ್’, ಅಂದರೆ ಮೈಬಣ್ಣ, ಎಂದು ಮಾರುತ್ತಿದ್ದ ತನ್ನ ಕಡ್ಡಿಯ ಹೆಸರನ್ನು 1962ರಲ್ಲೇ ‘ಪೀಚ್’ ಎಂದು ಬದಲಿಸಿತು. ಎಮೋಜಿಗಳಿಗೆ ಐದು ಮೈಬಣ್ಣ ಬಂದದ್ದು 2015ರಲ್ಲಿ. ಹಳದಿ ಎಮೋಜಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಅವು ಸಾಲಾಗಿ ಕಾಣುತ್ತವೆ. ಚರ್ಮಕ್ಕೆ ಬಿಸಿಲು ತಾಗಿದಾಗ ಏನಾಗುತ್ತದೆ ಎಂಬುದನ್ನು ಆಧರಿಸಿ ಚರ್ಮವೈದ್ಯ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ ವರ್ಗೀಕರಣವೇ ಅವಕ್ಕೆ ಆಧಾರ.

ಈ ವಿಷಯದಲ್ಲಿ ನಮ್ಮ ಪೊಲೀಸರ ಕಾಣೆಯಾದವರ ಪ್ರಕಟಣೆಯೇ ವಾಸಿ. ಗೋಧಿ ಬಣ್ಣ, ಎಣ್ಣೆಗೆಂಪು, ಎಣ್ಣೆಗಪ್ಪು ಎಂದು ಅದು ಬಿಡಿಸಿ ಹೇಳುತ್ತದೆ.

ಇನ್ನು ವಿಜ್ಞಾನ. ಡ್ರಾಯಿಂಗ್ ಆ್ಯಪ್‌ನ ಬಣ್ಣದ ಚಕ್ರದಲ್ಲಿ ಕೆಂಪು 0 ಡಿಗ್ರಿಯಲ್ಲಿ, ಹಳದಿ 60ರಲ್ಲಿ, ಹಸಿರು 120ರಲ್ಲಿ, ನೀಲಿ 240ರಲ್ಲಿ ಇರುತ್ತವೆ. ಕಂದು ಎಲ್ಲಿದೆ ಎಂದು ಹುಡುಕಿ ನೋಡಿ. ಚಕ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. 30ರ ಹತ್ತಿರದ ಕಿತ್ತಳೆಯನ್ನು ಹಿಡಿದು ಬೆಳಕನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದೇ ಕಂದು. ನಿಪ್ಪಾಣಿಯ ಒಣಗಿದ ತಂಬಾಕಿನ ಎಲೆ, ಅಥಣಿಯ ಚಪ್ಪಲಿಯ ತೊಗಲು, ಗಾಣದ ಮನೆಯ ಬೆಲ್ಲ, ಇವುಗಳ ಫೋಟೋ ತೆಗೆದು ಆ್ಯಪ್‌ನಲ್ಲಿ ಬಣ್ಣ ಹೆಕ್ಕುವ ಗುರುತನ್ನು ಇಟ್ಟು ನೋಡಿ. ಸಾಧಾರಣ ಹಗಲು ಬೆಳಕಿನಲ್ಲಿ ತೆಗೆದದ್ದಾದರೆ ಎಲ್ಲವೂ ಕಿತ್ತಳೆಯ ಆಸುಪಾಸಿನಲ್ಲೇ ಸಿಗುತ್ತವೆ.

ಮನುಷ್ಯರ ಚರ್ಮವೂ ಅಲ್ಲೇ ಇದೆ. ಚರ್ಮಕ್ಕೆ ಬಣ್ಣ ಕೊಡುವುದು ಮುಖ್ಯವಾಗಿ ಕಂದು ಮೆಲನಿನ್ ಮತ್ತು ರಕ್ತದ ಕೆಂಪು ಹಿಮೋಗ್ಲೋಬಿನ್. ಎರಡೂ ನೀಲಿ ಬೆಳಕನ್ನು ಹೆಚ್ಚು ಹೀರಿಕೊಳ್ಳುತ್ತವೆ, ಕೆಂಪನ್ನು ಕಡಿಮೆ. ಆದ್ದರಿಂದ ನಾರ್ವೆಯವರಿರಲಿ, ರಾಯಬಾಗದವರಿರಲಿ, ಚಕ್ರದಲ್ಲಿ ಕೆಂಪು ಮತ್ತು ಹಳದಿಯ ನಡುವಿನ ಒಂದು ಕಿರಿದಾದ ತುಂಡಿನಲ್ಲೇ ಇರುತ್ತಾರೆ. ಬದಲಾಗುವುದು ಮುಖ್ಯವಾಗಿ ಬೆಳಕಿನ ಪ್ರಮಾಣ ಮತ್ತು ಬಣ್ಣದ ಗಾಢತೆ. ‘ಬಿಳಿ ಬಣ್ಣ’, ‘ಕಪ್ಪು ಬಣ್ಣ’ ಎಂದು ನಾವು ಕರೆಯುವುದು ಒಂದೇ ಬಣ್ಣದ ಏರಿಳಿತ.

ಇಲ್ಲಿಯೇ ಹೊಸಬರ ಚಿತ್ರ ಕೆಡುವುದು. ಕಪ್ಪು ಮೈಯವರನ್ನು ಬರೆಯಲು ತಿಳಿಗುಲಾಬಿ ಬಳಿದು, ಮೇಲೆ ಪಾರದರ್ಶಕ ಕಪ್ಪು ಪದರ ಹಾಕುತ್ತಾರೆ. ಕಪ್ಪು ಬೆಳಕನ್ನು ಇಳಿಸುತ್ತದೆ, ಆದರೆ ಗಾಢತೆಯನ್ನು ಏರಿಸುವುದಿಲ್ಲ. ತಿಳಿಗುಲಾಬಿಯಲ್ಲಿ ಗಾಢತೆ ಮೊದಲೇ ಕಡಿಮೆ. ಹಾಗಾಗಿ ಮುಖ ಬೂದಿ ಬಳಿದಂತೆ ಕಳೆಗುಂದುತ್ತದೆ. ಆಮೇಲೆ ‘ಕಪ್ಪು ಬಣ್ಣ ಚಿತ್ರಕ್ಕೆ ಒಪ್ಪುವುದಿಲ್ಲ’ ಎಂಬ ತೀರ್ಪು! ಬೆಳಕು ಇಳಿಸುವಾಗ ಗಾಢತೆ ಸ್ವಲ್ಪ ಏರಿಸಿ, ನೆರಳಿನಲ್ಲಿ ಬಣ್ಣವನ್ನು ಕೆಂಪಿನ ಕಡೆಗೆ ತುಸು ಸರಿಸಿದರೆ ಅದೇ ಮುಖಕ್ಕೆ ಜೀವ ಬರುತ್ತದೆ. ಬಿಸಿಲಿಗೆ ಬೆನ್ನು ಮಾಡಿ ನಿಂತವರ ಕಿವಿ ಕೆಂಪಗೆ ಹೊಳೆಯುವುದನ್ನು ನೋಡಿದ್ದೀರಲ್ಲ, ಚರ್ಮದೊಳಗೆ ಹಾದುಬರುವ ಬೆಳಕಿನ ಬಣ್ಣ ಅದು.

ಬೆಳ್ಳಗೆ ಮಾಡುವುದಕ್ಕೆಲ್ಲ ಈ ತಾಂತ್ರಿಕ ತೊಡಕೇ ಕಾರಣ ಎಂದು ನಾವು ಹೇಳುವುದಿಲ್ಲ. ವೀರರು ಬೆಳ್ಳಗಿರಬೇಕು, ಖಳರು ಕಪ್ಪಗಿರಬೇಕು ಎಂಬ ರೂಢಿ ಕ್ಯಾಲೆಂಡರ್ ಮತ್ತು ಕಾಮಿಕ್ಸ್ ಚಿತ್ರಗಳಿಂದಲೇ ಬಂದಿದೆ. ಹೆಸರಿನಲ್ಲೇ ಕಪ್ಪು ಇರುವ ಕೃಷ್ಣನಿಗೂ ನಮ್ಮ ಕ್ಯಾಲೆಂಡರುಗಳು ನೀಲಿ ಬಳಿದಿವೆ. ಈಗ ಅದೇ ಕೆಲಸವನ್ನು ಅನೇಕ ಬ್ಯೂಟಿ ಫಿಲ್ಟರುಗಳು ಕೇಳದೆಯೇ ಮಾಡುತ್ತವೆ. ಹೊಲದಲ್ಲಿ, ಕಾಡಿನಲ್ಲಿ, ಕುದುರೆಯ ಮೇಲೆ ಬಿಸಿಲುಂಡ ಹೋರಾಟಗಾರನ ಮುಖ ಎಸಿ ಕೋಣೆಯಲ್ಲಿ ಬೆಳೆದವನ ಮುಖದಂತೆ ಕಂಡರೆ ಅದು ಗೌರವ ಹೇಗಾದೀತು, ನಮಗಂತೂ ಅರ್ಥವಾಗಿಲ್ಲ. ಅದನ್ನು ನೋಡುತ್ತ ಬೆಳೆಯುವ ಮಗು ತನ್ನ ಬಣ್ಣದ ವೀರರನ್ನು ಎಲ್ಲಿ ಕಾಣಬೇಕು?

ಫ್ಲೆಕ್ಸ್ ಅಂಗಡಿಯವರ ಸಮಸ್ಯೆ ಬೇರೆ. ಮೊಬೈಲ್ ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಸೂಸಿ ಬಣ್ಣ ತೋರಿಸುತ್ತದೆ. ಫ್ಲೆಕ್ಸ್ ಬೆಳಕು ಸೂಸುವುದಿಲ್ಲ. ತಿಳಿನೀಲಿ, ಕಡುಗುಲಾಬಿ, ಹಳದಿ, ಕಪ್ಪು ಶಾಯಿಗಳು ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಹೀರಿ ಉಳಿದದ್ದನ್ನು ಮರಳಿಸುತ್ತವೆ. ಪರದೆಯಲ್ಲಿ ಸರಿ ಇದ್ದ ಕಂದು ಮುಖ ಮುದ್ರಣದಲ್ಲಿ ಕಪ್ಪು ಮುದ್ದೆಯಾಗಬಹುದು. ಹಾಗಾಗಿ ಮೊದಲೇ ತುಸು ಬೆಳಕು ಏರಿಸುವುದು ಅಗತ್ಯವೇ. ಮುಖವನ್ನಷ್ಟೇ ಏರಿಸಿ ಕೈ, ಕುತ್ತಿಗೆಯನ್ನು ಹಾಗೇ ಬಿಡುವುದು ಬೇಡ.

ವಾಟ್ಸಾಪ್‌ನದು ಇನ್ನೊಂದು ಆಟ. ಮಾಮೂಲಾಗಿ ಕಳಿಸಿದ ಚಿತ್ರವನ್ನು ಅದು ಕುಗ್ಗಿಸುತ್ತದೆ. ನಮ್ಮ ಕಣ್ಣು ಬಣ್ಣಕ್ಕಿಂತ ಬೆಳಕಿನ ವ್ಯತ್ಯಾಸವನ್ನು ಚುರುಕಾಗಿ ಗುರುತಿಸುವುದರಿಂದ, ಈ ವಿಧಾನದಲ್ಲಿ ಮೊದಲು ಕತ್ತರಿ ಬೀಳುವುದು ಬಣ್ಣದ ಸೂಕ್ಷ್ಮ ವಿವರಗಳಿಗೆ. ಕೆಂಪು ರುಮಾಲು ಮತ್ತು ಹಣೆಯ ನಡುವೆ ಬಣ್ಣದ ವ್ಯತ್ಯಾಸವಷ್ಟೇ ಇದ್ದು ಬೆಳಕಿನ ವ್ಯತ್ಯಾಸ ಇಲ್ಲದಿದ್ದರೆ ಎರಡರ ಅಂಚು ಕಲಸಿಹೋಗುತ್ತದೆ. ಕಳಿಸುವ ಮುನ್ನ ಚಿತ್ರವನ್ನು ಒಮ್ಮೆ ಕಪ್ಪು-ಬಿಳುಪು ಮಾಡಿ ನೋಡಿ. ಆಗಲೂ ರುಮಾಲು, ಮುಖ, ಮೀಸೆ ಬೇರೆ ಬೇರೆಯಾಗಿ ಕಂಡರೆ ಬೆಳಕು ಸರಿಯಾಗಿದೆ. ಫ್ಲೆಕ್ಸ್ ಅಂಗಡಿಗೆ ಕಳಿಸುವುದಾದರೆ ಫೋಟೋ ಆಗಿ ಬೇಡ, ‘ಡಾಕ್ಯುಮೆಂಟ್’ ಆಗಿ ಕಳಿಸಿ. ಆಗ ಫೈಲ್ ಕುಗ್ಗದೆ, ನೀವು ಆರಿಸಿದ ಬಣ್ಣವೇ ತಲುಪುತ್ತದೆ.