ಇದು ನಿಜವಾಗಿಯೂ ಕಬ್ಬಿಣದ ಕಡಲೆ!



ತಲೆಗೆ ಹತ್ತದ ಪಾಠಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ‘ಕಬ್ಬಿಣದ ಕಡಲೆ’. ಈ ತಿಂಗಳು ನಾನು ಆರಿಸಿಕೊಂಡಿರುವುದು ಭೌತವಿಜ್ಞಾನ. ಅದೂ ಕಬ್ಬಿಣದ ವಿಷಯವೇ. ಬಿ.ಎ.ಗೆ ಇಂಗ್ಲಿಷ್ ಓದಿ ಅಡುಗೆಮನೆ ಸೇರಿದ ಈ ಆಂಟಿಗೆ ಇದೆಲ್ಲ ಏಕೆ ಬೇಕಿತ್ತು ಎಂದು ನೀವು ನಗಬಹುದು. ನಗಿ, ಆದರೆ ಪುಟ ಮಾತ್ರ ತಿರುವಬೇಡಿ. ಈ ಕಥೆ ಯಾವ ಕಾದಂಬರಿಗೂ ಕಡಿಮೆಯಿಲ್ಲ. ಇದರ ನಾಯಕನನ್ನು ಸುಮಾರು 50 ವರ್ಷ ಬಾಗಿಲ ಹೊರಗೇ ನಿಲ್ಲಿಸಿದ್ದರು.

ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವುದು ಏಕೆ? ಒಳಗಿನ ತಂತಿ ಕರೆಂಟನ್ನು ಸಲೀಸಾಗಿ ಹರಿಯಲು ಬಿಡುವುದಿಲ್ಲ. ವಿರಾರ್ ಲೋಕಲಿನಲ್ಲಿ ಗುಂಪನ್ನು ಸೀಳಿಕೊಂಡು ಇಳಿಯುವವರಿಗೆ ಬೆವರು ಇಳಿಯುತ್ತದಲ್ಲ, ಹಾಗೆಯೇ ಇಲೆಕ್ಟ್ರಾನುಗಳು ಲೋಹದೊಳಗೆ ಢಿಕ್ಕಿ ಹೊಡೆಯುತ್ತಾ ಶಕ್ತಿ ಕಳೆದುಕೊಳ್ಳುತ್ತವೆ. ಆ ಶಕ್ತಿಯೇ ಶಾಖವಾಗುತ್ತದೆ. ಇಸ್ತ್ರಿಗೆ ಇದು ಒಳ್ಳೆಯದೇ. ಆದರೆ ವಿದ್ಯುತ್ ಕೇಂದ್ರದಿಂದ ಮನೆಗೆ ಬರುವ ತಂತಿಯಲ್ಲೂ ಇದೇ ನಡೆಯುತ್ತದೆ. ಅಲ್ಲಿ ಅದು ಶುದ್ಧ ನಷ್ಟ.

1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಎಂಬ ವಿಜ್ಞಾನಿ ಪಾದರಸವನ್ನು ದ್ರವ ಹೀಲಿಯಂ ಬಳಸಿ ತಣಿಸುತ್ತಾ ಹೋದರು. ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಅದರ ತಡೆ ಇದ್ದಕ್ಕಿದ್ದಂತೆ ಮಾಯವಾಯಿತು. ಇದಕ್ಕೆ ಅತಿವಾಹಕತೆ, ಅಂದರೆ ಸೂಪರ್‌ಕಂಡಕ್ಟಿವಿಟಿ ಎಂದು ಹೆಸರು. ಅಂಥ ವಸ್ತುವಿನ ಬಳೆ ಮಾಡಿ ಅದರಲ್ಲಿ ಒಮ್ಮೆ ಕರೆಂಟು ಹರಿಸಿದರೆ, ತಣ್ಣಗಿರುವಷ್ಟು ಕಾಲ ಅದು ಸುತ್ತುತ್ತಲೇ ಇರುತ್ತದೆ. ಆಸ್ಪತ್ರೆಯ ಎಂ.ಆರ್.ಐ. ಯಂತ್ರದ ಬಲವಾದ ಅಯಸ್ಕಾಂತಕ್ಕೆ ಆಧಾರ ಇದೇ. ಅದರಲ್ಲಿರುವುದು ನಯೋಬಿಯಂ–ಟೈಟಾನಿಯಂ ತಂತಿ. ಅದನ್ನು ತಣ್ಣಗಿಡುವುದು ದ್ರವ ಹೀಲಿಯಂ.

ಈಗ ಜಗಳದ ವಿಷಯಕ್ಕೆ ಬರೋಣ. ಅತಿವಾಹಕತೆಗೂ ಅಯಸ್ಕಾಂತಕ್ಕೂ ಎಣ್ಣೆ–ಸೀಗೆಕಾಯಿ ಸಂಬಂಧ. ಬಲವಾದ ಅಯಸ್ಕಾಂತವನ್ನು ಹತ್ತಿರ ತಂದರೆ ಅತಿವಾಹಕತೆ ಸತ್ತುಹೋಗುತ್ತದೆ ಎಂಬುದನ್ನು ಓನ್ನೆಸ್ ಅವರೇ ಕಂಡಿದ್ದರು. ಹೀಗೇಕೆ ಎಂಬುದು ಅರ್ಥವಾದದ್ದು 1957ರಲ್ಲಿ, ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ಎಂಬ ಮೂವರು ಅಮೆರಿಕನ್ನರ ಸಿದ್ಧಾಂತದಿಂದ. ಅತಿವಾಹಕದಲ್ಲಿ ಇಲೆಕ್ಟ್ರಾನುಗಳು ಒಂಟಿಯಾಗಿ ಓಡುವುದಿಲ್ಲ. ಜೋಡಿ ಜೋಡಿಯಾಗಿ, ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತವೆ. ಪ್ರತಿಯೊಂದು ಇಲೆಕ್ಟ್ರಾನೂ ಒಂದು ಪುಟಾಣಿ ಅಯಸ್ಕಾಂತ. ಜೋಡಿಯಲ್ಲಿ ಒಂದರ ಮುಖ ಮೇಲಕ್ಕಿದ್ದರೆ ಇನ್ನೊಂದರದು ಕೆಳಕ್ಕೆ. ಹೊರಗಿನ ಅಯಸ್ಕಾಂತ ಎರಡನ್ನೂ ಒಂದೇ ಕಡೆಗೆ ತಿರುಗಿಸಲು ನೋಡುತ್ತದೆ. ಆಗ ಕೈ ಬಿಟ್ಟುಹೋಗುತ್ತದೆ, ಜೋಡಿ ಮುರಿಯುತ್ತದೆ.

1958ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಬರ್ನ್ಡ್ ಮಥಿಯಾಸ್ ಮತ್ತು ಸಂಗಡಿಗರು ಲಾಂಥನಂ ಎಂಬ ಅತಿವಾಹಕ ಲೋಹಕ್ಕೆ ಗ್ಯಾಡೋಲಿನಿಯಂ ಎಂಬ ಕಾಂತಗುಣದ ಲೋಹವನ್ನು ಚೂರು ಬೆರೆಸಿ ನೋಡಿದರು. ನೂರಕ್ಕೆ ಒಂದು ಪಾಲು ಬೆರೆತರೇ ಸಾಕು, ಅತಿವಾಹಕತೆ ಹೋದಂತೆಯೇ. ಹಾಲಿಗೆ ಹುಳಿ ಹಿಂಡಿದ ಹಾಗೆ! ಹೊಸ ಅತಿವಾಹಕಗಳನ್ನು ಹುಡುಕುವವರಿಗೆ ಇದೊಂದು ನಿಯಮವೇ ಆಯಿತು: ಕಾಂತಗುಣದ ಧಾತುಗಳಿಂದ ದೂರವಿರಿ. ಹಾಗೆ ದೂರವಿಡಬೇಕಾದ ಪಟ್ಟಿಯಲ್ಲಿ ಮೊದಲನೆಯ ಹೆಸರು ಯಾರದು ಎಂದು ಬೇರೆ ಹೇಳಬೇಕೇ?

ನಿಯಮ ಅಷ್ಟು ಸರಳವಲ್ಲ ಎಂಬ ಸೂಚನೆಗಳು ನಡುನಡುವೆ ಬರುತ್ತಲೇ ಇದ್ದವು. 1986ರಲ್ಲಿ ಜ್ಯೂರಿಕ್‌ನ ಬೆಡ್ನಾರ್ಜ್ ಮತ್ತು ಮ್ಯುಲ್ಲರ್ ತಾಮ್ರದ ಆಕ್ಸೈಡಿನಲ್ಲಿ ಅತಿವಾಹಕತೆ ಕಂಡರು. ಮರುವರ್ಷವೇ ಆ ಬಗೆಯ ಇನ್ನೊಂದು ವಸ್ತು ಮೈನಸ್ 181 ಡಿಗ್ರಿಯ ಆಸುಪಾಸಿನಲ್ಲೇ ಅತಿವಾಹಕವಾಯಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಮ್ಮ ಸಿ.ಎನ್.ಆರ್. ರಾವ್ ಅವರ ತಂಡವೂ ಈ ವಸ್ತುಗಳ ಮೇಲೆ ಮುಂಚೂಣಿಯ ಕೆಲಸ ಮಾಡಿತು. ಈ ತಾಮ್ರದ ವಸ್ತುಗಳ ಮೂಲರೂಪದಲ್ಲೂ ಒಂದು ಬಗೆಯ ಕಾಂತಗುಣ ಅಡಗಿರುತ್ತದೆ.

ಇನ್ನೊಂದು ಸೂಚನೆ ಬಂದದ್ದು ನಮ್ಮ ಮುಂಬಯಿಯಿಂದಲೇ. ಕೊಲಾಬಾದ ತುದಿಯಲ್ಲಿ, ಸಮುದ್ರದ ಪಕ್ಕ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇದೆಯಲ್ಲ, ಅಲ್ಲಿ ಆರ್. ನಾಗರಾಜನ್, ಎಲ್.ಸಿ. ಗುಪ್ತಾ ಮತ್ತು ಸಂಗಡಿಗರು ಯಿಟ್ರಿಯಂ, ನಿಕಲ್, ಬೋರಾನ್ ಮತ್ತು ಚಿಟಿಕೆಯಷ್ಟು ಇಂಗಾಲ ಸೇರಿದ ವಸ್ತುವಿನಲ್ಲಿ ಅತಿವಾಹಕತೆ ಕಂಡು 1994ರಲ್ಲಿ ಪ್ರಕಟಿಸಿದರು. ನಿಕಲ್ ಕೂಡ ಅಯಸ್ಕಾಂತಕ್ಕೆ ಅಂಟುವ ಲೋಹವೇ. ಅದೇ ಮನೆತನದ, ಎರ್ಬಿಯಂ ಅಥವಾ ಹೋಲ್ಮಿಯಂ ಇರುವ ವಸ್ತುಗಳಲ್ಲಿ ಅತಿವಾಹಕತೆಯೂ ಕಾಂತಗುಣವೂ ಒಟ್ಟಿಗೇ ಸಂಸಾರ ಮಾಡುವುದು ಕಂಡುಬಂತು.

ಇಷ್ಟಾದರೂ ಕಬ್ಬಿಣಕ್ಕೆ ಮರ್ಯಾದೆ ಸಿಗಲಿಲ್ಲ. 2001ರಲ್ಲಿ ಜಪಾನಿನ ಒಸಾಕಾದಲ್ಲಿ ಶುದ್ಧ ಕಬ್ಬಿಣವನ್ನು ವಾಯುಮಂಡಲದ ಒತ್ತಡದ 1,50,000 ಪಟ್ಟಿಗಿಂತ ಹೆಚ್ಚಾಗಿ ಹಿಂಡಿದಾಗ, ಮೈನಸ್ 271 ಡಿಗ್ರಿಯ ಹತ್ತಿರ ಅದೂ ಅತಿವಾಹಕವಾಯಿತು. ಆದರೆ ಅಷ್ಟು ಹಿಂಡಿದ ಕಬ್ಬಿಣ ತನ್ನ ಕಾಂತಗುಣವನ್ನೇ ಬಿಟ್ಟುಕೊಟ್ಟಿರುತ್ತದೆ. ಹಾಗಾಗಿ ಹಳೆಯ ನಿಯಮ ಹಾಗೆಯೇ ಉಳಿಯಿತು.

ಅದನ್ನು ಅಲುಗಾಡಿಸಿದವರು ಅತಿವಾಹಕಗಳನ್ನು ಹುಡುಕುತ್ತಲೇ ಇರಲಿಲ್ಲ! ಟೋಕಿಯೋ ತಾಂತ್ರಿಕ ವಿದ್ಯಾಲಯದ ಹಿದೆಯೊ ಹೊಸೊನೊ ಅವರ ಕೆಲಸ ಪಾರದರ್ಶಕ ಅರೆವಾಹಕಗಳ ಮೇಲೆ, ಅಂದರೆ ಟಿ.ವಿ. ಪರದೆಗಳಿಗೆ ಬೇಕಾಗುವಂಥ ವಸ್ತುಗಳ ಮೇಲೆ. ತಮಗೆ ಪರಿಚಯವಿದ್ದ ಪದರು ಪದರಾದ ಒಂದು ವಸ್ತುವಿನಲ್ಲಿ ತಾಮ್ರದ ಜಾಗಕ್ಕೆ ಕಬ್ಬಿಣ ಕೂರಿಸಿದರೆ ಏನಾದೀತು ಎಂದು ನೋಡಹೊರಟರು. 2006ರಲ್ಲಿ ಕಬ್ಬಿಣ–ರಂಜಕದ ಸಂಯುಕ್ತವೊಂದು ಮೈನಸ್ 269 ಡಿಗ್ರಿಯ ಹತ್ತಿರ ಅತಿವಾಹಕವಾಯಿತು. ಜಗತ್ತು ಅಷ್ಟಾಗಿ ತಿರುಗಿ ನೋಡಲಿಲ್ಲ. ಯೋಇಚಿ ಕಾಮಿಹಾರಾ ಎಂಬ ತರುಣ ಸಂಶೋಧಕ ಮತ್ತು ಗೆಳೆಯರು ಬಿಡಲಿಲ್ಲ. ರಂಜಕದ ಬದಲು ಆರ್ಸೆನಿಕ್ ಹಾಕಿದರು. ಹೌದು, ಪತ್ತೇದಾರಿ ಕಾದಂಬರಿಗಳ ಪಾಷಾಣವೇ! 2008ರ ಫೆಬ್ರವರಿಯಲ್ಲಿ ಪ್ರಕಟವಾದ ಫಲಿತಾಂಶ: ಮೈನಸ್ 247 ಡಿಗ್ರಿಯಲ್ಲೇ ಅತಿವಾಹಕತೆ.

ಆ ವಸ್ತುವಿನ ರಚನೆ ತಿಳಿಯಬೇಕೆ? ಮದುವೆ ಊಟದ ಚಿರೋಟಿಯನ್ನು ನೆನಪಿಸಿಕೊಳ್ಳಿ. ಒಂದು ಪದರು ಕಬ್ಬಿಣ–ಆರ್ಸೆನಿಕ್, ಅದರ ಮೇಲೊಂದು ಪದರು ಲಾಂಥನಂ–ಆಮ್ಲಜನಕ, ಮತ್ತೆ ಕಬ್ಬಿಣ, ಮತ್ತೆ ಲಾಂಥನಂ. ಕರೆಂಟು ಹರಿಯುವುದು ಕಬ್ಬಿಣದ ಪದರಿನಲ್ಲಿ. ಅದನ್ನು ಜಪಾನಿನವರು ಮುಟ್ಟಲಿಲ್ಲ. ಪಕ್ಕದ ಪದರಿನಲ್ಲಿ ನೂರು ಆಮ್ಲಜನಕದ ಪರಮಾಣುಗಳಲ್ಲಿ ಸುಮಾರು 11ನ್ನು ತೆಗೆದು ಫ್ಲೋರೀನ್ ಕೂರಿಸಿದರು. ಫ್ಲೋರೀನಿನ ಬಳಿ ಒಂದು ಇಲೆಕ್ಟ್ರಾನು ಹೆಚ್ಚಿಗೆ ಇರುತ್ತದೆ. ಅದು ಕಬ್ಬಿಣದ ಪದರಿಗೆ ಹೋಗಿ ಸೇರುತ್ತದೆ. ಚಿರೋಟಿಯ ಹಾಳೆ ಅದೇ, ನಡುವೆ ಸವರುವ ತುಪ್ಪ–ಅಕ್ಕಿಹಿಟ್ಟು ಮಾತ್ರ ಬೇರೆ!

ಮುಂದಿನದು ಓಟದ ಪಂದ್ಯ. ಚೀನಾದ ಪ್ರಯೋಗಶಾಲೆಗಳು ಲಾಂಥನಂ ಜಾಗಕ್ಕೆ ಅದರ ನಂಟರಿಷ್ಟರನ್ನು ಒಬ್ಬೊಬ್ಬರಾಗಿ ಕೂರಿಸಿ ನೋಡಿದವು. ಎರಡೇ ತಿಂಗಳಲ್ಲಿ, ಏಪ್ರಿಲ್ ಹೊತ್ತಿಗೆ, ಬೀಜಿಂಗಿನ ಝಾವ್ ಝೋಂಗ್‌ಶಿಯಾನ್ ಅವರ ತಂಡ ಸಮೇರಿಯಂ ಹಾಕಿ ಮೈನಸ್ 218 ಡಿಗ್ರಿಗೆ ತಂದಿತು. ಮ್ಯೂನಿಕ್‌ನಲ್ಲಿ ಬೇರಿಯಂ ಬಳಸಿದ ಇನ್ನೊಂದು ಬಗೆ ಸಿಕ್ಕಿತು. ತೈವಾನಿನಲ್ಲಿ ಬರೀ ಕಬ್ಬಿಣ ಮತ್ತು ಸೆಲೆನಿಯಂ, ಎರಡೇ ಧಾತುಗಳ ಸರಳ ಬಗೆ. ಎಲ್ಲವೂ ಅದೇ ಒಂದು ವರ್ಷದಲ್ಲಿ.

ಹಾಗಾದರೆ ಕಬ್ಬಿಣದ ಕಾಂತಗುಣ ಎಲ್ಲಿ ಹೋಯಿತು? 2008ರಲ್ಲೇ ಅಮೆರಿಕದ ವಿಜ್ಞಾನಿಗಳು ನ್ಯೂಟ್ರಾನುಗಳನ್ನು ಹಾಯಿಸಿ ಒಳಗೆ ಇಣುಕಿದರು. ಫ್ಲೋರೀನ್ ಬೆರೆಸದ ಮೂಲ ವಸ್ತುವಿನಲ್ಲಿ, ಸುಮಾರು ಮೈನಸ್ 136 ಡಿಗ್ರಿಗಿಂತ ಕೆಳಗೆ, ಕಬ್ಬಿಣದ ಪುಟಾಣಿ ಅಯಸ್ಕಾಂತಗಳು ಪಟ್ಟೆ ಪಟ್ಟೆಯಾಗಿ ನಿಂತಿದ್ದವು. ಒಂದು ಸಾಲಿನ ಮುಖ ಇತ್ತ, ಪಕ್ಕದ ಸಾಲಿನದು ಅತ್ತ. ಒಟ್ಟು ಲೆಕ್ಕ ಸೊನ್ನೆ. ಆದ್ದರಿಂದ ಅದು ಫ್ರಿಜ್ಜಿನ ಬಾಗಿಲಿಗೆ ಅಂಟುವ ಅಯಸ್ಕಾಂತದಂತೆ ಅಲ್ಲ. ಫ್ಲೋರೀನ್ ಸೇರಿಸುತ್ತಾ ಹೋದಂತೆ ಈ ಸಾಲುಗಳು ಚದುರುತ್ತವೆ. ಅವು ಚದುರಿದಲ್ಲೇ ಅತಿವಾಹಕತೆ ಹುಟ್ಟುತ್ತದೆ.

ಶಾಲೆಯ ಪ್ರಾರ್ಥನೆ ಮುಗಿದು ಸಾಲು ಚದುರಿದ ಮಾತ್ರಕ್ಕೆ ಮಕ್ಕಳು ಮಾಯವಾಗುತ್ತಾರೆಯೇ? ಗಲಾಟೆ ಇನ್ನೂ ಜಾಸ್ತಿ! ಇಲ್ಲಿಯೂ ಹಾಗೆಯೇ. ಶಿಸ್ತು ಹೋದರೂ ಕಾಂತಗುಣದ ಚಡಪಡಿಕೆ ಉಳಿಯುತ್ತದೆ. ಪಾದರಸದಂಥ ಲೋಹಗಳಲ್ಲಿ ಇಲೆಕ್ಟ್ರಾನುಗಳ ಜೋಡಿ ಕಟ್ಟುವುದು ಪರಮಾಣುಗಳ ನಡುಕ. ಕಬ್ಬಿಣದ ವಸ್ತುಗಳಲ್ಲಿ ಆ ನಡುಕ ಸಾಲದು ಎಂದು ಲೆಕ್ಕಾಚಾರ ಹೇಳಿತು. ಕಾಂತಗುಣದ ಚಡಪಡಿಕೆಯೇ ಇಲ್ಲಿ ಜೋಡಿ ಕಟ್ಟುತ್ತದೆ ಎಂಬುದು ಬಹಳ ಮಂದಿ ವಿಜ್ಞಾನಿಗಳ ಅಭಿಪ್ರಾಯ. ಅಂದರೆ ವೈರಿ ಎಂದು ಹೊರಗಿಟ್ಟವನೇ ಮದುವೆಯ ದಲ್ಲಾಳಿ! ಆದರೆ ವಾದ ಪೂರ್ತಿ ಮುಗಿದಿಲ್ಲ. ಕಬ್ಬಿಣ–ಸೆಲೆನಿಯಂ ವಸ್ತು ಸಾಮಾನ್ಯ ಒತ್ತಡದಲ್ಲಿ ಆ ಪಟ್ಟೆಗಳನ್ನು ತೋರಿಸದೆಯೇ ಅತಿವಾಹಕವಾಗುತ್ತದೆ. ಬೇರಿಯಂ ವಸ್ತುವಿಗೆ ಸ್ವಲ್ಪ ಕೋಬಾಲ್ಟ್ ಬೆರೆಸಿದರೆ ಪಟ್ಟೆಯೂ ಅತಿವಾಹಕತೆಯೂ ಒಂದೇ ತುಣುಕಿನಲ್ಲಿ ಇರುತ್ತವೆ.

ಇದರಿಂದ ನಮ್ಮ ಕರೆಂಟು ಬಿಲ್ಲು ಇಳಿಯುತ್ತದೆಯೇ ಎಂದು ನಿಮ್ಮ ಅಪ್ಪ ಕೇಳಬಹುದು. ಸದ್ಯಕ್ಕೆ ಇಲ್ಲ. ಉಷ್ಣತೆಯ ಲೆಕ್ಕದಲ್ಲಿ ತಾಮ್ರದ ಆಕ್ಸೈಡುಗಳೇ ಮುಂದಿವೆ. ಆದರೆ ಕಬ್ಬಿಣದ ಅತಿವಾಹಕಗಳು ಬಹಳ ಬಲವಾದ ಕಾಂತಕ್ಷೇತ್ರವನ್ನು ತಡೆದುಕೊಳ್ಳುತ್ತವೆ. ಬಲವಾದ ಅಯಸ್ಕಾಂತ ಮಾಡಲು ಬೇಕಾದದ್ದು ಅದೇ ಗುಣ. ಚೀನಾದಲ್ಲಿ 2016ರಲ್ಲಿ 100 ಮೀಟರ್ ಉದ್ದದ ತಂತಿಯನ್ನೂ ಎಳೆದಿದ್ದಾರೆ.

ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಬೇರೆ. ಹಳೆಯ ನಿಯಮ ಸುಳ್ಳಾಗಿರಲಿಲ್ಲ. 1958ರಲ್ಲಿ ಅವರು ಕಂಡದ್ದು ಇಂದಿಗೂ ನಿಜ. ಆದರೆ ಅವರು ನೋಡಿದ್ದು ಬೇರೆಯವರ ಮನೆಗೆ ಚಿಟಿಕೆಯಷ್ಟು ಬಂದು ಬಿದ್ದ ಕಾಂತಗುಣವನ್ನು. ಕಬ್ಬಿಣಕ್ಕೆ ತನ್ನದೇ ಒಂದು ಪದರು, ತನ್ನದೇ ಒಂದು ಮನೆ ಕೊಟ್ಟರೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಆಗ ನೋಡಿರಲಿಲ್ಲ. ಒಂದು ಪರೀಕ್ಷೆಯ ಫಲಿತಾಂಶ ನಿಧಾನವಾಗಿ ಎಲ್ಲಕ್ಕೂ ಅನ್ವಯಿಸುವ ತೀರ್ಪಾಗಿಬಿಟ್ಟಿತ್ತು.

ನಿಮ್ಮಲ್ಲಿ ಕೆಲವರು ಹನ್ನೆರಡನೆಯ ಕ್ಲಾಸಿನಲ್ಲಿದ್ದೀರಿ. ಫಿಸಿಕ್ಸಿನಲ್ಲಿ ಕಂಡುಹಿಡಿಯುವುದು ಇನ್ನೇನು ಉಳಿದಿದೆ, ಕಂಪ್ಯೂಟರ್ ಓದೋಣ ಎನ್ನುವವರೂ ಇದ್ದೀರಿ. ಓದಿ, ಬೇಡವೆನ್ನುವುದಿಲ್ಲ. ಆದರೆ ನಮ್ಮ ದೋಸೆ ಕಾವಲಿಯ ಲೋಹ, ಮನುಷ್ಯ ಸಾವಿರಾರು ವರ್ಷ ಬಡಿದು ಕಾಯಿಸಿದ ಲೋಹ, 2008ರವರೆಗೆ ಇಷ್ಟು ದೊಡ್ಡ ಗುಟ್ಟನ್ನು ಮುಚ್ಚಿಟ್ಟಿತ್ತು ಎಂಬುದು ನೆನಪಿರಲಿ. ಇಲೆಕ್ಟ್ರಾನುಗಳ ಜೋಡಿ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಬಂದಿಲ್ಲ. ಕೊಲಾಬಾ ನಿಮ್ಮ ಮನೆಯಿಂದ ಎಷ್ಟು ಸ್ಟೇಷನ್ ದೂರ, ಎಣಿಸಿ ನೋಡಿ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.