ಪಕ್ಕಾಸಿನ ಉದ್ದ ಎಷ್ಟು?

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲಿನ ವಾರಗಳಲ್ಲಿ ಕಾಸರಗೋಡಿನ ನಮ್ಮ ಮನೆಗಳ ಜಗಲಿಗಳಲ್ಲಿ ಕೇಳಿಬರುವುದು ಒಂದೇ ಮಾತು: ಮುಂದೇನು? ನಿವೃತ್ತ ಅಧ್ಯಾಪಕನೆಂಬ ಕಾರಣಕ್ಕೆ ಆ ಪ್ರಶ್ನೆ ನನ್ನ ಮನೆಯ ಮೆಟ್ಟಿಲನ್ನೂ ಏರಿ ಬರುತ್ತದೆ. ಈ ಬಾರಿ ಬಂದವರು ಒಬ್ಬ ತಾಯಿ ಮತ್ತು ಆಕೆಯ ಮಗ.

“ಮಾಷ್ಟ್ರೇ, ಇವನಿಗೆ ಮರದ ಕೆಲಸದಲ್ಲೇ ಮನಸ್ಸು. ರಜೆ ಸಿಕ್ಕಿದರೆ ಸಾಕು, ಆಚಾರಿಯವರು ಕೆಲಸ ಮಾಡುವಲ್ಲಿ ಹೋಗಿ ಕೂತಿರುತ್ತಾನೆ. ಅವರೊಟ್ಟಿಗೇ ಬಿಡುವುದಾ, ಐಟಿಐಗೆ ಸೇರಿಸುವುದಾ? ಅಲ್ಲಿ ಎಲ್ಲ ಮಲಯಾಳವಂತೆ. ಇವನು ಒಂದನೆಯಿಂದ ಕನ್ನಡದಲ್ಲೇ ಓದಿದವನು.”

ನಾನು ಹುಡುಗನ ಕಡೆಗೆ ತಿರುಗಿ ಕೇಳಿದೆ: “ಹಂಚಿನ ಮನೆಯೊಂದರ ಅಗಲ 24 ಅಡಿ. ಗೋಡೆಯ ಮಟ್ಟದಿಂದ ಮಾಡಿನ ನೆತ್ತಿ 9 ಅಡಿ ಎತ್ತರ. ಪಕ್ಕಾಸಿನ ಉದ್ದ ಎಷ್ಟು ಬೇಕು?”

“ಅದು ಆಚಾರಿಯವರು ಮೇಲೆ ಹತ್ತಿ ಅಳೆಯುತ್ತಾರೆ” ಎಂದ. ಆಗ ಕಾಗದದ ಮೇಲೆ ಒಂದು ಲಂಬಕೋನ ತ್ರಿಭುಜ ಬರೆದು, ಬಾಹುಗಳಿಗೆ 12 ಮತ್ತು 9 ಎಂದು ಗುರುತು ಹಾಕಿ ಮುಂದಿಟ್ಟೆ. ಕ್ಷಣವೂ ತಡವಾಗಲಿಲ್ಲ. “ಹದಿನೈದು” ಎಂದವನು, ಒಮ್ಮೆ ಚಿತ್ರವನ್ನೂ ಒಮ್ಮೆ ನನ್ನ ಮನೆಯ ಮಾಡನ್ನೂ ನೋಡಿದ. ಇಳಿಸೂರಿನ ಉದ್ದವನ್ನು ಆ ಮೇಲೆ ಸೇರಿಸಿಕೊಂಡರಾಯಿತು. ಲೆಕ್ಕದ ಹುರುಳು ಇಷ್ಟೇ.

ಆ ಹುಡುಗನಿಗೆ ಪೈಥಾಗೊರಸನ ಪ್ರಮೇಯ ಬರುತ್ತಿತ್ತು. ಅದು ತನ್ನ ತಲೆಯ ಮೇಲೆಯೇ ಇದೆ ಎಂಬುದನ್ನು ಯಾರೂ ಹೇಳಿರಲಿಲ್ಲ. ದೂರುವುದಾದರೆ ಮೊದಲು ನನ್ನನ್ನೇ ದೂರಬೇಕು. ಹಂಚಿನ ಮಾಡಿನ ಶಾಲೆಯಲ್ಲಿ ವರ್ಷಗಟ್ಟಲೆ ಆ ಪ್ರಮೇಯವನ್ನು ಕಲಿಸಿದ ನಾನು, ಒಂದು ದಿನವೂ ಮಕ್ಕಳಿಗೆ ತಲೆಯೆತ್ತಿ ನೋಡಿ ಎನ್ನಲಿಲ್ಲ.

ತಾಯಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿದೆ.

ಆಚಾರಿಯವರ ಬಳಿ ಕಲಿಯುವುದು ಕೀಳೆಂದು ಯಾರೂ ಭಾವಿಸಬಾರದು. ಹಲಸಿನ ಹಲಗೆಯ ಎಳೆ ಯಾವ ಕಡೆಗೆ ಓಡುತ್ತದೆ, ಕೀಸುಳಿಯನ್ನು ಯಾವ ದಿಕ್ಕಿನಿಂದ ತಳ್ಳಿದರೆ ಮರ ಸಿಬಿರೇಳುವುದಿಲ್ಲ, ಉಳಿಯ ಬಾಯಿಯನ್ನು ಎಷ್ಟು ಓರೆಗೆ ಮಸೆಯಬೇಕು ಎಂಬುದು ಕೈಯಿಂದ ಕೈಗೆ ದಾಟಬೇಕಾದ ವಿದ್ಯೆ. ಹಸಿ ಮರ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಬಹುಮಟ್ಟಿಗೆ ಕುಗ್ಗುವುದಿಲ್ಲ. ಇದನ್ನರಿಯದೆ ಮಾಡಿದ ಬಾಗಿಲು ಬೇಸಗೆಯಲ್ಲಿ ಸಂದು ಬಿಡುತ್ತದೆ, ಮಳೆಗಾಲದಲ್ಲಿ ದಾರಂದಕ್ಕೆ ಕಚ್ಚಿಕೊಳ್ಳುತ್ತದೆ. ಹಿರಿಯ ಆಚಾರಿಗಳು ಪುಸ್ತಕದ ನೆರವಿಲ್ಲದೆಯೇ ಇದನ್ನು ಬಲ್ಲರು.

ಆದರೆ ಮನೆ ಕಟ್ಟುವ ಕೆಲಸ ಇಂದು ಬದಲಾಗಿದೆ. ಮಾಡಿನ ಜಾಗಕ್ಕೆ ಕಾಂಕ್ರೀಟು ಬಂತು. ಮರದ ಕಿಟಕಿಯ ಜಾಗಕ್ಕೆ ಅಲ್ಯುಮಿನಿಯಂ ಬಂತು. ಅಡುಗೆಮನೆಯ ಕಪಾಟು ಪ್ಲೈವುಡ್ಡಿನದು, ಅದನ್ನು ಕತ್ತರಿಸುವುದು ಯಂತ್ರ, ಅಳತೆ ಮಿಲಿಮೀಟರಿನಲ್ಲಿ, ಕೆಲಸ ನಕ್ಷೆಯ ಪ್ರಕಾರ. ನಮ್ಮ ಹಳೆಯ ಕೋಲಿನ ಲೆಕ್ಕವನ್ನೇ ನೋಡಿ: ಕೇರಳದ ತಚ್ಚುಶಾಸ್ತ್ರದ ಒಂದು ಕೋಲೆಂದರೆ 24 ಅಂಗುಲ, ಅಂದರೆ 72 ಸೆಂಟಿಮೀಟರ್. ಕೋಲು, ಅಡಿ, ಮೀಟರು – ಈ ಮೂರರ ನಡುವೆ ತಡವರಿಸದೆ ಓಡಾಡಬಲ್ಲವನಿಗೆ ಹಳೆಯ ಮನೆಯ ದುರಸ್ತಿಯೂ ಸಿಗುತ್ತದೆ, ಹೊಸ ಮನೆಯ ಕೆಲಸವೂ ಸಿಗುತ್ತದೆ. 8 ಅಡಿ ಉದ್ದ, 6 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ ಅರ್ಧ ಘನ ಅಡಿ ಎಂದು ಲೆಕ್ಕ ಹಾಕಲಾರದವನು ಮರದ ಮಿಲ್ಲಿನಲ್ಲಿ ಬೇರೆಯವರ ಮಾತನ್ನೇ ನಂಬಬೇಕಾಗುತ್ತದೆ.

ಐಟಿಐ ಕೊಡುವುದು ಈ ಎರಡನೆಯ ಭಾಗವನ್ನು: ನಕ್ಷೆ, ಲೆಕ್ಕ, ಯಂತ್ರ, ಸುರಕ್ಷತೆ. ಕೇಂದ್ರ ಸರಕಾರದ ಕುಶಲಕರ್ಮಿ ತರಬೇತಿ ಯೋಜನೆ 1950ರಿಂದ ನಡೆದುಬಂದಿದೆ. ಅದರಲ್ಲಿ ಬಡಗಿ ವೃತ್ತಿಯ ತರಬೇತಿ ಒಂದು ವರ್ಷದ್ದು. ಎಂಟನೆಯ ತರಗತಿ ತೇರ್ಗಡೆಯಾಗಿ 14 ವರ್ಷ ತುಂಬಿದವರು ಸೇರಬಹುದು. ಕಟ್ಟಡದ ಮೇಸ್ತ್ರಿ ಕೆಲಸಕ್ಕೂ ಒಂದು ವರ್ಷದ ತರಬೇತಿಯಿದೆ. ಎಲೆಕ್ಟ್ರಿಷಿಯನ್ ಮತ್ತು ಕಟ್ಟಡ ನಕ್ಷೆಗಾರಿಕೆಗೆ ಎರಡು ವರ್ಷ. ಇವಕ್ಕೆ ಹತ್ತನೆಯ ತರಗತಿ ಆಗಿರಬೇಕು. ಆದುದರಿಂದ ಎಂಟು ಸಾಕೆಂದು ಎಂಟಕ್ಕೇ ಶಾಲೆ ಬಿಡಿಸಬೇಡಿ; ಹತ್ತು ಮುಗಿಸಿದವನಿಗೆ ತೆರೆದಿರುವ ಬಾಗಿಲುಗಳು ಹೆಚ್ಚು. ಹೆಣ್ಣುಮಕ್ಕಳಿಗೂ ಈ ಬಾಗಿಲುಗಳು ತೆರೆದೇ ಇವೆ ಎಂಬುದನ್ನು ಮರೆಯದಿರಿ.

ಎಲ್ಲ ಕೇಂದ್ರಗಳಲ್ಲಿಯೂ ಎಲ್ಲ ವೃತ್ತಿಗಳಿರುವುದಿಲ್ಲ. ಅರ್ಜಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ. ಈ ವೃತ್ತಿ ಇಲ್ಲಿದೆಯೇ? ಕೊನೆಗೆ ಸಿಗುವುದು ರಾಷ್ಟ್ರೀಯ ಪ್ರಮಾಣಪತ್ರವೋ, ರಾಜ್ಯದ್ದೋ? ನಾಳೆ ಮಂಗಳೂರಿಗೋ ಬೆಂಗಳೂರಿಗೋ ಕೊಲ್ಲಿಗೋ ಹೋಗುವವನಿಗೆ ಎರಡನೆಯ ಪ್ರಶ್ನೆ ಮುಖ್ಯ. ತರಬೇತಿಯ ಬಳಿಕ 1961ರ ಅಪ್ರೆಂಟಿಸ್ ಕಾಯಿದೆಯಡಿ ಭತ್ಯೆ ಪಡೆಯುತ್ತ ಕೆಲಸ ಕಲಿಯುವ ಅವಕಾಶವೂ ಉಂಟು.

ಇನ್ನು ಭಾಷೆಯ ಅಂಜಿಕೆ. ಇದೇ ಆ ತಾಯಿಯ ನಿಜವಾದ ಪ್ರಶ್ನೆಯಾಗಿತ್ತು ಎಂದು ನನಗೆ ತೋರುತ್ತದೆ. ಪಾಠ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ನಡೆಯುವಾಗ ಮೊದಲ ಕೆಲವು ವಾರ ನಮ್ಮ ಮಕ್ಕಳು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂರುತ್ತಾರೆ. ಕೆಲವರು ಆ ಮೌನದಲ್ಲೇ ತರಬೇತಿ ಬಿಟ್ಟು ಹಿಂದಿರುಗುತ್ತಾರೆ. ಬುದ್ಧಿ ಸಾಲದೆ ಬಂದವರಲ್ಲ ಅವರು. ಪದ ಸಾಲದೆ ಬಂದವರು.

ಪದ ಸಾಲದಿದ್ದರೆ ಕೂಡಿಸಿಕೊಳ್ಳಬಹುದು. ನಾನು ಹುಡುಗನಿಗೆ ಒಂದು ನೋಟುಪುಸ್ತಕ ಕೊಟ್ಟು ಮೂರು ಕಲಂ ಗೆರೆ ಎಳೆಸಿದೆ: ಕನ್ನಡ, ಮಲಯಾಳ, ಇಂಗ್ಲಿಷು. ಉಳಿ ಮಲಯಾಳದಲ್ಲಿಯೂ ಉಳಿಯೇ. ಕೀಸುಳಿ ಅಲ್ಲಿ ಚಿಂತೇರ್, ಗರಗಸ ಈರ್ಚವಾಳ್, ದಾರಂದ ಕಟ್ಟಿಳ, ರೀಪು ಪಟ್ಟಿಕ, ಪಕ್ಕಾಸು ಕಳುಕ್ಕೋಲ್. ಇಂಗ್ಲಿಷಿನ ಕಲಮಿನಲ್ಲಿ ಚಿಸಲ್, ಪ್ಲೇನ್, ರಾಫ್ಟರ್. ಅರ್ಧ ಗಂಟೆಯಲ್ಲಿ ಒಂದು ಪುಟ ತುಂಬಿತು. ಕೆಲವು ಮಲಯಾಳ ಪದಗಳನ್ನು ನನಗೇ ಅವನು ಹೇಳಿಕೊಟ್ಟ, ಕೆಲಸದ ಜಾಗದಲ್ಲಿ ಕೇಳಿ ಕಲಿತದ್ದು. ಮೂರು ಹೆಸರು ಬಲ್ಲವನು ಒಂದೇ ಹೆಸರು ಬಲ್ಲವನಿಗಿಂತ ಹಿಂದುಳಿದವನು ಹೇಗಾದಾನು?

ಕಚೇರಿಗಳ ವಿಷಯದಲ್ಲಿಯೂ ಅಂಜಬೇಕಾಗಿಲ್ಲ. 1969ರ ಕೇರಳ ರಾಜಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಪ್ರವೇಶದ ವಿವರ ಬೇಕೆಂದು ಕನ್ನಡದಲ್ಲಿ ಬರೆದು ಕೇಳಿ. ಬಳಸದೆ ಬಿಟ್ಟ ಹಕ್ಕು ಬಳಸದೆ ಬಿಟ್ಟ ಉಳಿಯಂತೆ ತುಕ್ಕು ಹಿಡಿಯುತ್ತದೆ.

ಈಗಾಗಲೇ ಕೆಲಸಕ್ಕಿಳಿದಿರುವ, 18 ದಾಟಿದ ಅಣ್ಣಂದಿರಿಗೂ ಒಂದು ಮಾತು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಮತ್ತು ಮೇಸ್ತ್ರಿ ಕೆಲಸಗಳು ಸೇರಿವೆ. ಕೆಲವು ದಿನಗಳ ತರಬೇತಿ, ಆ ದಿನಗಳಿಗೆ ತಲಾ 500 ರೂಪಾಯಿ ಭತ್ಯೆ, ಸಲಕರಣೆಗಳಿಗಾಗಿ 15,000 ರೂಪಾಯಿಯವರೆಗಿನ ನೆರವು ಅದರಲ್ಲಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿಯೂ ಹೆಸರು ನೋಂದಾಯಿಸಿಕೊಳ್ಳಿ. ಮಾಡಿನಿಂದ ಬಿದ್ದ ದಿನ ಕುಟುಂಬಕ್ಕೆ ಆಸರೆಯಾಗುವ ಕಾಗದ ಅದು; ಬೀಳುವ ಮೊದಲೇ ಮಾಡಿಸಿಟ್ಟಿರಬೇಕು.

ತಾಯಿಗೆ ನಾನು ಹೇಳಿದ್ದು ಇಷ್ಟು: “ಐಟಿಐಗೆ ಸೇರಿಸಿ ಅಮ್ಮಾ. ಆಚಾರಿಯವರನ್ನೂ ಬಿಡಿಸಬೇಡಿ, ರಜೆಯಲ್ಲಿ ಅಲ್ಲಿಗೂ ಹೋಗಲಿ. ಆದರೆ ಯಂತ್ರದ ಗರಗಸದ ಹತ್ತಿರ ಈಗಲೇ ಬೇಡ.” ಹುಡುಗ ನೋಟುಪುಸ್ತಕವನ್ನು ಮಡಚಿಟ್ಟುಕೊಂಡು ಎದ್ದ. ಮೆಟ್ಟಿಲಿಳಿಯುವ ಮುನ್ನ ಜಗಲಿಯ ಕಂಬಕ್ಕೆ ಒರಗಿ ನಿಂತು, ನನ್ನ ಮಾಡಿನ ಪಕ್ಕಾಸುಗಳನ್ನು ಒಂದೊಂದಾಗಿ ಎಣಿಸಿದ. ಎರಡು ಹುಳ ಹಿಡಿದಿವೆ, ಮಳೆಗಾಲಕ್ಕೆ ಮುಂಚೆ ಬದಲಾಯಿಸಬೇಕು ಎಂದ. ಅವನ ಮಾತು ಸರಿಯಾಗಿತ್ತು.