ಉಚಿತವೆಂದರೆ ಎಷ್ಟು?

ಗಾಜನೂರೆಂದೊಡನೆ ಅನೇಕರಿಗೆ ನಟ ರಾಜಕುಮಾರರ ಊರು ನೆನಪಾಗುವುದು ಸಹಜ. ನಾನು ಹೇಳಹೊರಟಿರುವುದು ಅದನ್ನಲ್ಲ. ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ತುಂಗೆಗೆ ಅಣೆಕಟ್ಟು ಕಟ್ಟಿರುವ ಗಾಜನೂರನ್ನು. ಕಳೆದ ಮಳೆಗಾಲದಲ್ಲಿ ಅಲ್ಲಿಯ ಬಂಧುಗಳ ಮನೆಗೆ ಹೋಗಿದ್ದಾಗ ನೆರೆಮನೆಯ ಹುಡುಗಿಯೊಬ್ಬಳು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು, "ಮೇಷ್ಟ್ರೇ, ಇದನ್ನೊಂದಿಷ್ಟು ಓದಿ ಹೇಳ್ತೀರಾ?" ಎಂದಳು. ಯುವತಿಯರಿಗೆ ಸೈಬರ್ ಸುರಕ್ಷತೆಯಲ್ಲಿ ಉಚಿತ ತರಬೇತಿಯೆಂಬ ಪ್ರಕಟಣೆ. ಬಿ.ಸಿ.ಎ. ಮುಗಿಸಿದ ಹುಡುಗಿಗೆ ಅದರ ಇಂಗ್ಲಿಷು ತಿಳಿಯದುದಲ್ಲ. ಬಗೆಹರಿಯದಿದ್ದುದು 'ಉಚಿತ' ಎಂಬ ಮಾತಿನ ವ್ಯಾಪ್ತಿ. ತರಗತಿ ಬೆಂಗಳೂರಿನಲ್ಲಿ, ಊಟ ವಸತಿ ಅವರವರದು, ಲ್ಯಾಪ್‌ಟಾಪನ್ನು ತಾವೇ ತರತಕ್ಕದ್ದು. ಆಕೆಯ ತಂದೆ ಮನಸ್ಸಿನಲ್ಲೇ ಲೆಕ್ಕ ಹಾಕಿ ಸುಮ್ಮನಾದರು.

ಇಂಥ ಅವಕಾಶಗಳು ಇಲ್ಲವೆಂದಲ್ಲ. ಮೈಕ್ರೋಸಾಫ್ಟ್ ಮತ್ತು ಡೇಟಾ ಸೆಕ್ಯುರಿಟಿ ಕೌನ್ಸಿಲ್ ಆಫ್ ಇಂಡಿಯಾ ಕೂಡಿ 2018ರಲ್ಲಿ ಇಂಜಿನಿಯರಿಂಗ್ ಓದಿದ ಯುವತಿಯರಿಗಾಗಿ 'ಸೈಬರ್ ಶಿಕ್ಷಾ' ಆರಂಭಿಸಿದವು. 2024ರ ಆಗಸ್ಟಿನಲ್ಲಿ ನಮ್ಮ ಸರ್ಕಾರ ಸೈಬರ್ ಭದ್ರತಾ ನೀತಿಯನ್ನು ಪ್ರಕಟಿಸಿ, ಸಿಸ್ಕೋ ಕಂಪನಿಯೊಡನೆ 40,000 ಮಂದಿಯ ತರಬೇತಿಗೆ ಒಪ್ಪಂದ ಮಾಡಿಕೊಂಡಿತು. ಅವರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂಬುದು ಉದ್ದೇಶ. ದೂರದ ನೈಜೀರಿಯಾದ ಸೈಬರ್‌ಸೇಫ್ ಫೌಂಡೇಶನ್ 'ಸೈಬರ್ ಗರ್ಲ್ಸ್' ಎಂಬ ಹೆಸರಿನಲ್ಲಿ ಆಫ್ರಿಕದ ಹಲವು ದೇಶಗಳ ತರುಣಿಯರಿಗೆ ವರ್ಷಾವಧಿಯ ಶಿಕ್ಷಣವನ್ನು ಶುಲ್ಕವಿಲ್ಲದೆ ಕೊಡುತ್ತಿದೆ. ಇವೆಲ್ಲ ಸ್ತುತ್ಯವೇ. ಆದರೆ ಬಡವರ ಮನೆಯ ಹುಡುಗಿಗೆ ಶುಲ್ಕವೆಂಬುದು ಖರ್ಚಿನ ಮೊದಲ ಸಾಲು ಮಾತ್ರ.

ಈ ಮಾತಿಗೆ ಉತ್ತರ ಅದೇ ಗಾಜನೂರಿನಲ್ಲಿದೆ. ಅಲ್ಲಿಯ ಜವಾಹರ ನವೋದಯ ವಿದ್ಯಾಲಯಕ್ಕೆ ಆರನೆಯ ತರಗತಿಗೆ ಪರೀಕ್ಷೆ ಬರೆದು ಸೇರಿದ ಮಗುವಿಗೆ ಪಾಠದೊಡನೆ ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ದೊರೆಯುತ್ತವೆ. ಸ್ಥಾನಗಳಲ್ಲಿ ನೂರಕ್ಕೆ 75 ಹಳ್ಳಿಯ ಮಕ್ಕಳಿಗೆ. ಮೂರರಲ್ಲೊಂದು ಪಾಲಾದರೂ ಹುಡುಗಿಯರಿಗೆ. ಒಂಬತ್ತನೆಯ ತರಗತಿಯಿಂದ ಕೆಲವರು ಕೊಡಬೇಕಾದ ತಿಂಗಳ ಹಣವನ್ನೂ ಹುಡುಗಿಯರು ಕೊಡಬೇಕಾಗಿಲ್ಲ. ಈ ಯೋಜನೆಯನ್ನು ರೂಪಿಸಿದವರಿಗೆ, ಮಗಳನ್ನು ಮನೆಯಿಂದ ಕಳಿಸುವ ತಾಯಿ ಮೊದಲು ಏನು ಕೇಳುತ್ತಾಳೆಂಬುದು ಗೊತ್ತಿದ್ದಿರಬೇಕು. ಹನ್ನೆರಡನೆಯ ತರಗತಿ ಮುಗಿದೊಡನೆ ಈ ಔದಾರ್ಯ ನಿಂತುಹೋಗುವುದೇಕೆ?

ಇದು ಬರಿಯ ನೌಕರಿಯ ಪ್ರಶ್ನೆಯೆಂದು ನಾನು ತಿಳಿದಿಲ್ಲ. ನನ್ನ ಪರಿಚಯದ ಗೃಹಿಣಿಯೊಬ್ಬರು ಮೊಬೈಲಿಗೆ ಬಂದ ಮೋಸದ ಕರೆಯೊಂದನ್ನು ನಂಬಿ ಉಳಿತಾಯದ ಹಣವನ್ನೆಲ್ಲ ಕಳೆದುಕೊಂಡರು. ಮರ್ಯಾದೆಗೆ ಅಂಜಿ ಎರಡು ದಿನ ಗಂಡನಿಗೂ ಹೇಳಲಿಲ್ಲ. ಕಳೆದ ಹಣವನ್ನು ಬ್ಯಾಂಕುಗಳಲ್ಲಿ ತಡೆಹಿಡಿಯಬೇಕಾದರೆ ಗಂಟೆಗಳೊಳಗೆ 1930ಕ್ಕೆ ದೂರು ಕೊಡಬೇಕು. ಇವರು ಕರೆ ಮಾಡುವ ಹೊತ್ತಿಗೆ ಅದು ಹಲವು ಖಾತೆಗಳನ್ನು ದಾಟಿತ್ತು. ತನ್ನ ಭಾವಚಿತ್ರವನ್ನು ಯಾರೋ ವಿಕಾರಗೊಳಿಸಿ ಹರಿಯಬಿಟ್ಟರೆ ಹೆಣ್ಣುಮಗಳು ಅದನ್ನು ಅಪರಿಚಿತ ಗಂಡಸಿನೆದುರು ಬಿಡಿಸಿ ಹೇಳುವುದು ಇನ್ನೂ ಕಷ್ಟ. ಪಕ್ಕದಲ್ಲಿ ಕುಳಿತು, ಕನ್ನಡದಲ್ಲಿ ಕೇಳಿ, ಸಾಕ್ಷ್ಯವನ್ನು ಅಳಿಸದೆ ಉಳಿಸಿಕೊಳ್ಳುವ ಬಗೆಯನ್ನು ತಿಳಿಸಬಲ್ಲ ಹೆಣ್ಣುಮಗಳು ಪ್ರತಿ ತಾಲ್ಲೂಕಿಗೂ ಬೇಕು. ಅಂಥವಳು ಬೆಂಗಳೂರಿನ ಗಾಜಿನ ಕಟ್ಟಡಗಳಿಂದ ಇಳಿದು ಬಂದಾಳೆಂದು ಕಾಯುವುದು ವ್ಯರ್ಥ.

ಶಿವಮೊಗ್ಗೆಯಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯಗಳಿವೆ. ಬೇಸಗೆಯ ರಜೆಯಲ್ಲಿ ಅಲ್ಲಿಯೇ ಪ್ರಯೋಗಶಾಲೆಯ ಗಣಕಗಳನ್ನು ಕೊಟ್ಟು, ಊಟ ಹಾಕಿ, ಪಾಠದ ಮೊದಲ ವಾರಗಳನ್ನಾದರೂ ಕನ್ನಡದಲ್ಲಿ ನಡೆಸಲು ಅಸಾಧ್ಯವೇನೂ ಇಲ್ಲ.

ಗಾಜನೂರಿನ ಹುಡುಗಿಯ ಅರ್ಜಿಯ ಗಡುವು ಕಳೆದುಹೋಯಿತು. ಈಗ ಆಕೆ ಶಿವಮೊಗ್ಗೆಯ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತಾಳೆ. ಮತ್ತೊಂದು ಪ್ರಕಟಣೆ ಕಣ್ಣಿಗೆ ಬಿದ್ದರೆ ತಿಳಿಸಬೇಕೆಂದು, ಸಾಧ್ಯವಾದರೆ ಊಟದ ವಿಷಯವನ್ನು ಮೊದಲೇ ಕೇಳಿಡಬೇಕೆಂದು ನನಗೆ ಹೇಳಿದ್ದಾಳೆ.